ಕೊಸರೂ ರಿಯಾಯಿತಿಯೂ

ಕೊಂಡ ವಸ್ತು ಅಗ್ಗವಾಗಿ ದೊರೆಯಿತೆಂಬ ಸಂತೋಷಕ್ಕೆ ಸರಿದೂಗುವ ಸಂತೋಷಗಳು ಸಂಸಾರಿಗಳ ಬಾಳಿನಲ್ಲಿ ಹೆಚ್ಚಿಲ್ಲ. ಹೊಸ ಸೀರೆಯ ಬಣ್ಣವನ್ನು ಮೆಚ್ಚಿದವರಿಗಿಂತ, ಅದರ ಬೆಲೆಯನ್ನು ಕೇಳಿ ‘ಇಷ್ಟಕ್ಕೇ ಸಿಕ್ಕಿತೆ?’ ಎಂದು ಹುಬ್ಬೇರಿಸಿದವರನ್ನು ಗೃಹಿಣಿ ಹೆಚ್ಚು ಕಾಲ ನೆನೆಯುತ್ತಾಳೆ. ಗಂಡಸರೇನೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಕೊಡೆಯೊಂದನ್ನು ಹತ್ತು ರೂಪಾಯಿ ಕಡಿಮೆಗೆ ತಂದವನು ಆ ಕತೆಯನ್ನು ಮಳೆಗಾಲ ಮುಗಿಯುವವರೆಗೂ ಹೇಳುತ್ತಿರುವುದನ್ನು ನಾನು ಕೇಳಿದ್ದೇನೆ. ಇದರಲ್ಲಿ ಉಳಿದ ದುಡ್ಡಿನ ಪಾಲು ಸ್ವಲ್ಪ, ಗೆದ್ದೆವೆಂಬ ಹೆಮ್ಮೆಯ ಪಾಲು ಬಹಳ.

ಈ ಹೆಮ್ಮೆ ಹೊಸದೇನೂ ಅಲ್ಲ. ನಮ್ಮ ಮರಿಯಮ್ಮನಹಳ್ಳಿಗೆ ಐದಾರು ಹರದಾರಿ ದೂರದಲ್ಲಿರುವ ಹಂಪೆಯಲ್ಲಿ ವಿರೂಪಾಕ್ಷನ ಮುಂದೆ, ಕೃಷ್ಣನ ಮುಂದೆ, ವಿಠಲನ ಮುಂದೆ, ದೇವರ ಎದುರಿಗೇ ಬಜಾರುಗಳು ಹಬ್ಬಿದ್ದುವಷ್ಟೆ. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯ ವೈಭವದೊಂದಿಗೆ ಸಂತೆಯ ಧಾರಣೆಯನ್ನೂ ಬರೆದಿಟ್ಟಿದ್ದಾನೆ. ಪಟ್ಟಣದಲ್ಲಿ ಒಂದು ವರಹಕ್ಕೆ ಹನ್ನೆರಡು ಕುರಿ; ಗುಡ್ಡಗಾಡಿನ ಕಡೆಗೆ ಹೋದರೆ ಅದೇ ವರಹಕ್ಕೆ ಹದಿನಾಲ್ಕೋ ಹದಿನೈದೋ ದೊರೆಯುತ್ತಿದ್ದುವಂತೆ. ಅಗ್ಗವೆಂಬುದು ಅಂದಿಗೂ ನಡೆದು ಹೋಗಿ ತರಬೇಕಾದ ವಸ್ತುವಾಗಿತ್ತು. ಅದಕ್ಕೆ ಕಾಲಿನಲ್ಲಿ ಕಸುವು ಬೇಕಾಗಿತ್ತು, ಕೈಯಲ್ಲಿ ಒಂದು ಇಡೀ ವರಹವೂ ಬೇಕಾಗಿತ್ತು. ಒಂದೇ ಕುರಿಯನ್ನು ಕೊಳ್ಳಲು ಬಂದವನಿಗೆ ಗುಡ್ಡದ ಧಾರಣೆಯಿಂದ ಏನು ಪ್ರಯೋಜನವಾಗಿದ್ದೀತು?

ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ನಮ್ಮ ಊರನ್ನು ನಾಟಕ ಕಲಾವಿದರ ಊರೆಂದು ಅನೇಕರು ಬಲ್ಲರು. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಸಿದ್ಧವಾದಾಗ ಹಿನ್ನೀರಿಗೆ ಮನೆಮಠ ಕಳೆದುಕೊಂಡವರು ಈ ಸೀಮೆಯ ಊರುಗಳಲ್ಲೆಲ್ಲ ಇದ್ದಾರೆ. ಬಳ್ಳಾರಿಗೆ ಸೇರಿದ್ದ ನಾವು ೨೦೨೧ರಿಂದ ವಿಜಯನಗರ ಜಿಲ್ಲೆಯವರಾಗಿದ್ದೇವೆ. ದಾಣಾಪುರದ ಉಕ್ಕಿನ ಕಾರ್ಖಾನೆಯಿಂದ ತಿಂಗಳ ಸಂಬಳ ತರುವವರೂ, ಹೊಲಗದ್ದೆಗಳಿಂದ ದಿನಗೂಲಿ ತರುವವರೂ ಒಂದೇ ಬೀದಿಯಲ್ಲಿ ವಾಸವಾಗಿದ್ದಾರೆ. ಈ ಇಬ್ಬರ ನಡುವಿನ ಭೇದ ಕಾಣಬೇಕಾದರೆ ಅವರ ಮನೆಯನ್ನು ಹೊಗಬೇಕಾಗಿಲ್ಲ. ಅವರು ಬೇಳೆ ಕೊಳ್ಳುವ ಅಂಗಡಿಯನ್ನು ನೋಡಿದರೆ ಸಾಕು.

ಹೆದ್ದಾರಿಯ ಬದಿಯ ರಿಯಾಯಿತಿ ದರದ ಅಂಗಡಿಗೆ ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಬಾಗಿಲಲ್ಲಿ ಕೈಚೀಲವನ್ನು ಒಪ್ಪಿಸಿ ಬಿಲ್ಲೆ ಪಡೆಯಬೇಕು. ಒಳಗೆ ಹಗಲಿನಲ್ಲಿಯೂ ದೀಪಗಳು ಉರಿಯುತ್ತಿರುತ್ತವೆ. ಸಾಲು ಸಾಲಾಗಿ ನಿಂತ ಪೊಟ್ಟಣಗಳ ಮೇಲೆ ಅಚ್ಚಾದ ಬೆಲೆಯನ್ನು ಕೆಂಪು ಗೀಟಿನಿಂದ ಹೊಡೆದು, ಕೆಳಗೆ ಇನ್ನೊಂದು ಬೆಲೆಯನ್ನು ಬರೆದಿರುತ್ತಾರೆ. ತೊಂಬತ್ತೊಂಬತ್ತು, ನೂರ ನಲವತ್ತೊಂಬತ್ತು. ಒಂಬತ್ತರ ಅಂಕಿಗೆ ಇಷ್ಟು ಗೌರವ ಜ್ಯೋತಿಷ್ಯದಲ್ಲಿಯೂ ಇರಲಾರದು. ಗಿರಾಕಿಯೇ ಆರಿಸಿ, ಗಿರಾಕಿಯೇ ಬುಟ್ಟಿಗೆ ಹಾಕಿ, ಗಿರಾಕಿಯೇ ಹೊತ್ತು ತರಬೇಕು. ಈ ಪದ್ಧತಿಯನ್ನು ೧೯೧೬ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕ ತನ್ನ ಅಂಗಡಿಯಲ್ಲಿ ತಂದನು. ಅಂಗಡಿಯ ಆಳು ಮಾಡುತ್ತಿದ್ದ ಕೆಲಸವನ್ನು ಕೊಳ್ಳುವವರು ಸಂತೋಷದಿಂದ ಮಾಡಿದರೆ ಸರಕು ಅಷ್ಟರಮಟ್ಟಿಗೆ ಅಗ್ಗವಾಗುತ್ತದೆಂಬುದು ಅವನ ಲೆಕ್ಕ. ಆ ಲೆಕ್ಕ ಇಂದಿಗೂ ತಪ್ಪಾಗಿಲ್ಲ.

ಹೊರಗೆ ಬರುವಾಗ ಕೈಗೆ ಬರುವ ಉದ್ದನೆಯ ಚೀಟಿಯ ಕೊನೆಯಲ್ಲಿ ‘ನೀವು ಉಳಿಸಿದ ಹಣ’ ಎಂದು ಒಂದು ಮೊತ್ತ ಅಚ್ಚಾಗಿರುತ್ತದೆ. ಕೊಟ್ಟ ದುಡ್ಡಿಗೆ ರಸೀದಿ ಬರೆಯುವುದು ಹಳೆಯ ಕ್ರಮ. ಕೊಡದ ದುಡ್ಡಿಗೂ ರಸೀದಿ ಬರೆಯುವುದು ಈ ಕಾಲದ ಔದಾರ್ಯ. ಆದರೂ ಆ ಮೊತ್ತ ಸುಳ್ಳಲ್ಲ. ನಮ್ಮ ಮನೆಯಲ್ಲಿ ಅದನ್ನು ಓದಿ ಸಂತೋಷಪಡುತ್ತಾರೆ, ನಾನೂ ಪಡುತ್ತೇನೆ.

ಈ ಉಳಿತಾಯ ಎಲ್ಲಿಂದ ಬಂತು ಎಂದು ಕೇಳಬಹುದು. ಪೊಟ್ಟಣದ ಮೇಲೆ ಎಂ.ಆರ್.ಪಿ., ಅಂದರೆ ಗರಿಷ್ಠ ಚಿಲ್ಲರೆ ಬೆಲೆ ಎಂದು ಅಚ್ಚಾಗಿರುತ್ತದಲ್ಲವೆ? ಎಲ್ಲ ತೆರಿಗೆಗಳನ್ನೂ ಒಳಗೊಂಡ ಈ ಬೆಲೆಯನ್ನು ಮುದ್ರಿಸಲೇಬೇಕೆಂಬ ನಿಯಮ ನಮ್ಮ ದೇಶದಲ್ಲಿ ೧೯೯೦ರಲ್ಲಿ ಬಂದಿತು. ಅದಕ್ಕಿಂತ ಹೆಚ್ಚು ಕೇಳಕೂಡದೆಂದು ಕಾನೂನು ಹೇಳುತ್ತದೆ. ಆದರೆ ಬಹುಪಾಲು ಸರಕುಗಳಲ್ಲಿ ಆ ಅಂಕಿಯನ್ನು ಗೊತ್ತುಮಾಡುವವನು ತಯಾರಕನೇ. ಸಣ್ಣ ಅಂಗಡಿಯವನಿಗೆ ದಕ್ಕುವ ಲಾಭ ಆ ಅಂಕಿಯೊಳಗೇ ಅಡಗಿರುತ್ತದೆ. ದೊಡ್ಡ ಅಂಗಡಿ ಲಾರಿಗಟ್ಟಲೆ ಕೊಳ್ಳುತ್ತದೆ, ದಲ್ಲಾಳಿಯನ್ನು ಬಿಡುತ್ತದೆ, ತಂದ ಸರಕನ್ನು ಬೇಗ ಖಾಲಿಮಾಡುತ್ತದೆ. ಹೀಗೆ ಉಳಿದುದರಲ್ಲಿ ಒಂದಂಶವನ್ನು ಗಿರಾಕಿಗೆ ಬಿಟ್ಟುಕೊಡುತ್ತದೆ. ಇದರಲ್ಲಿ ಮಾಯೆಯಿಲ್ಲ, ಮೋಸವೂ ಇಲ್ಲ. ಇಲ್ಲದಿರುವುದು ಒಂದೇ: ಎದುರಿಗೆ ನಿಂತವರು ಯಾರೆಂಬ ವಿಚಾರ.

ಈ ಮಾತನ್ನು ‘ರಿಯಾಯಿತಿ’ ಎಂಬ ಶಬ್ದವೇ ನನಗೆ ಸೂಚಿಸಿತು. ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮಾರ್ಗವಾಗಿ ದಫ್ತರದ ಭಾಷೆಯೊಡನೆ ನಮ್ಮಲ್ಲಿಗೆ ಬಂದ ಶಬ್ದವಿದು. ಇದರ ಮೂಲದಲ್ಲಿ ಮಂದೆಯನ್ನು ಮೇಯಿಸಿ ಕಾಯುವ ಅರ್ಥವಿದೆ. ಅದರಿಂದ ಪಾಲನೆ, ದಾಕ್ಷಿಣ್ಯ, ಒಬ್ಬರ ಸ್ಥಿತಿಯನ್ನು ನೋಡಿ ನಡೆದುಕೊಳ್ಳುವುದು ಎಂಬ ಅರ್ಥಗಳು ಬಂದುವು. ನಾವು ದಿನವೂ ಆಡುವ ‘ರೈತ’ ಎಂಬ ಶಬ್ದವೂ ಇದೇ ಧಾತುವಿನಿಂದ ಬಂದುದು. ಪಾಲನೆಗೆ ಒಳಪಟ್ಟವನು ರೈತ, ಪಾಲನೆಯೇ ರಿಯಾಯಿತಿ. ಒಂದೇ ಬಳ್ಳಿಯ ಈ ಎರಡು ಕಾಯಿಗಳಲ್ಲಿ ಒಂದು ಹೊಲದಲ್ಲಿ ಉಳಿಯಿತು, ಇನ್ನೊಂದು ಹೆದ್ದಾರಿಯ ಅಂಗಡಿಯ ಫಲಕವನ್ನೇರಿತು.

ನಮ್ಮ ಸಂತೆಗೆ ಅದರದೇ ರಿಯಾಯಿತಿಯೊಂದುಂಟು. ಅದರ ಹೆಸರು ಕೊಸರು. ಸೇರು ಪಾವುಗಳು ಹೋಗಿ ಕಿಲೋಗ್ರಾಮು ಬಂದು ಅರವತ್ತು ವರ್ಷಗಳ ಮೇಲಾದರೂ ಕೊಸರು ಹೋಗಿಲ್ಲ. ತಕ್ಕಡಿ ಸರಿಯಾಗಿ ನಿಂತ ಮೇಲೆ ಮಾರುವವಳು ಎರಡು ಮೆಣಸಿನಕಾಯಿಯನ್ನೋ ಒಂದು ಹಿಡಿ ಸೊಪ್ಪನ್ನೋ ಮೇಲೆ ಹಾಕುತ್ತಾಳೆ. ಹಾಕದಿದ್ದರೆ ಕೊಳ್ಳುವವಳು ಕೇಳುತ್ತಾಳೆ: “ಏನವ್ವಾ, ಕೊಸರು ಹಾಕಂಗಿಲ್ಲೇನು? ಸಣ್ಣ ಹುಡುಗನ್ನ ಕರ್ಕೊಂಡ್ ಬಂದೀನಿ.” ಸಣ್ಣ ಹುಡುಗನಿಗೂ ಮೆಣಸಿನಕಾಯಿಗೂ ಯಾವ ಸಂಬಂಧವೂ ಇಲ್ಲ, ಆದರೂ ಆ ವಾದ ಅಲ್ಲಿ ನಡೆಯುತ್ತದೆ. ಕೊಸರು ಕಾನೂನಿನಿಂದ ಬಂದುದಲ್ಲವಾದ್ದರಿಂದ ಅದನ್ನು ಕೇಳಲು ಮುಖವೊಂದು ಎದುರಿಗೆ ಬೇಕು. ಪೊಟ್ಟಣಕ್ಕೆ ಮುಖವಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನದೆಲ್ಲ ಚಿನ್ನವೆಂದು ನಾನು ಹಾಡಿಹೊಗಳಲು ಹೊರಟಿಲ್ಲ. ಮುಖ ನೋಡಿ ಕೊಡುವವನು ಮುಖ ನೋಡಿ ಕೊಡದೆಯೂ ಇರಬಲ್ಲನು. ಅವನ ತಕ್ಕಡಿಯ ಕೆಳಗೆ ಹುಣಿಸೆಹಣ್ಣು ಅಂಟಿಕೊಂಡಿದ್ದ ಕತೆಗಳು ಎಲ್ಲ ಊರುಗಳಲ್ಲಿಯೂ ಇವೆ. ಜಾತಿ ನೋಡಿ ದೂರದಿಂದ ಸರಕು ಎಸೆಯುತ್ತಿದ್ದ ಅಂಗಡಿಗಳನ್ನು ಕಂಡವರಿಗೆ, ಯಾರನ್ನೂ ಏನನ್ನೂ ಕೇಳದ ಹೆದ್ದಾರಿಯ ಅಂಗಡಿ ಒಂದು ದೊಡ್ಡ ಬಿಡುಗಡೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಅಲ್ಲಿ ದುಡ್ಡಿದ್ದವರೆಲ್ಲ ಸಮಾನರು.

ದುಡ್ಡಿಲ್ಲದವರ ಮಾತೇನು? ನಮ್ಮ ಬೀದಿಯ ಮೂಲೆಯಲ್ಲಿ ಒಂದು ಕಿರಾಣಿ ಅಂಗಡಿಯುಂಟು. ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ. ಅದರ ಕೆಳಗೇ ಉದ್ರಿಯ ಖಾತೆಪುಸ್ತಕ. ಮಳೆ ಹಿಡಿದು ಕೂಲಿ ನಿಂತ ವಾರಗಳಲ್ಲಿ ಸಂಜೆಯ ಹೊತ್ತು ಅಲ್ಲಿ ನಿಂತರೆ ಆ ಫಲಕಕ್ಕೆ ಬೆಲೆಯೆಷ್ಟೆಂಬುದು ತಿಳಿಯುತ್ತದೆ. “ಕಾಲು ಕಿಲೋ ಬ್ಯಾಳಿ, ಇಷ್ಟ್ ಎಣ್ಣಿ ಕೊಡಣ್ಣ, ಕೂಲಿ ಬಂದ್ ದಿನ ಕೊಡ್ತೀನಿ” ಎಂದು ಒಬ್ಬಳು ಹೇಳುತ್ತಾಳೆ. ಅಂಗಡಿಯ ಹಿರಿಯರು ಏನನ್ನೋ ಗೊಣಗಿಕೊಂಡು ಅಳೆದುಕೊಡುತ್ತಾರೆ. ಹೆದ್ದಾರಿಯ ಅಂಗಡಿಯಿಂದ ವ್ಯಾಪಾರ ಇಳಿಯಿತೆ ಎಂದು ನಾನೊಮ್ಮೆ ಅವರನ್ನು ಕೇಳಿದೆ. “ನಗದು ಅಲ್ಲಿಗೆ ಹೋತ್ರಿ ಮೇಷ್ಟ್ರೆ, ಉದ್ರಿ ಇಲ್ಲೇ ಉಳೀತು” ಎಂದರು. ಅರ್ಥಶಾಸ್ತ್ರದ ಒಂದು ಅಧ್ಯಾಯವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಲೆಕ್ಕ ಹಾಕಿ ನೋಡೋಣ. ಅಚ್ಚಾದ ಬೆಲೆಯಲ್ಲಿ ತಿಂಗಳಿಗೆ ಐದು ಸಾವಿರ ರೂಪಾಯಿಯ ಸಾಮಾನು ಬೇಕಾದ ಎರಡು ಮನೆಗಳಿವೆಯೆಂದು ಇಟ್ಟುಕೊಳ್ಳಿ. ಸಂಬಳದ ಮನೆ ನೂರಕ್ಕೆ ಹತ್ತು ಕಡಿಮೆಯಂತೆ ಒಂದೇ ಸಲಕ್ಕೆ ಕೊಂಡು ಐದುನೂರು ಉಳಿಸುತ್ತದೆ. ಕೂಲಿಯ ಮನೆ ದಿನದಿನವೂ ಚೂರುಚೂರಾಗಿ, ಉದ್ರಿಯ ಋಣದಿಂದಾಗಿ ಪೂರ್ತಿ ಬೆಲೆಗೆ ಕೊಳ್ಳುತ್ತದೆ. ವರ್ಷಕ್ಕೆ ಆರು ಸಾವಿರ ರೂಪಾಯಿಯ ಅಂತರ. ಎಷ್ಟೋ ದಿನಗಳ ಕೂಲಿ ಅದು. ಓದುವ ಮಗುವೊಂದರ ವರ್ಷದ ಪುಸ್ತಕ ಬಟ್ಟೆಗಳೂ ಆದೀತು. ಹೆಚ್ಚು ಬೇಕಾದವರಿಗೆ ಕಡಿಮೆಯೂ ಕಡಿಮೆ ಬೇಕಾದವರಿಗೆ ಹೆಚ್ಚೂ ದೊರೆಯುವ ಈ ವಸ್ತುವನ್ನೇ ನಾವು ರಿಯಾಯಿತಿಯೆಂದು ಕರೆಯುತ್ತಿದ್ದೇವೆ.

ಸರ್ಕಾರದ ನ್ಯಾಯಬೆಲೆ ಅಂಗಡಿ ಈ ಕೊರತೆಯನ್ನು ಬಲುಮಟ್ಟಿಗೆ ತುಂಬಿದೆಯೆಂಬುದನ್ನು ಒಪ್ಪಬೇಕು. ೨೦೧೩ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅಕ್ಕಿಗಾಗಿ ಸಾಲ ಮಾಡುವ ಸ್ಥಿತಿ ಅನೇಕ ಮನೆಗಳಲ್ಲಿ ತಪ್ಪಿತು. ಆದರೆ ಸಂಸಾರ ಅಕ್ಕಿಯೊಂದರಿಂದಲೇ ನಡೆಯದು. ಬೇಳೆ, ಎಣ್ಣೆ, ಸಾಬೂನು, ಚಹಾಪುಡಿಗಳಿಗೆ ಮೂಲೆಯ ಅಂಗಡಿಯೇ ಗತಿ.

ಊರವರು ಈಗಲೂ ಆ ನ್ಯಾಯಬೆಲೆ ಅಂಗಡಿಯನ್ನು ‘ಸೊಸೈಟಿ’ ಎಂದೇ ಕರೆಯುತ್ತಾರೆ. ಸಹಕಾರ ಸಂಘಗಳು ಪಡಿತರ ಹಂಚುತ್ತಿದ್ದ ನೆನಪು ಆ ಹೆಸರಿನಲ್ಲಿ ಉಳಿದಿದೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನ ಇಪ್ಪತ್ತೆಂಟು ಮಂದಿ ಕೂಲಿಕಾರರು, ಅವರಲ್ಲಿ ನೇಕಾರರೂ ಅನೇಕರು, ತಲಾ ಒಂದು ಪೌಂಡು ಕೂಡಿಸಿ ೧೮೪೪ರ ಡಿಸೆಂಬರ್ ೨೧ರಂದು ತೆರೆದ ಅಂಗಡಿಯಲ್ಲಿದ್ದ ಸರಕು ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಬಗೆ ಮಾತ್ರ. ಅವರು ಬೆಲೆಯನ್ನು ಇಳಿಸಲಿಲ್ಲ, ಉದ್ರಿಯನ್ನೂ ಕೊಡಲಿಲ್ಲ. ಪೇಟೆಯ ಧಾರಣೆಗೇ ಮಾರಿ, ಬಂದ ಲಾಭವನ್ನು ಸದಸ್ಯರು ಕೊಂಡಷ್ಟಕ್ಕೆ ತಕ್ಕಂತೆ ಹಿಂದಿರುಗಿಸಿದರು. ಉದ್ರಿಯ ಪ್ರಶ್ನೆಗೆ ಉತ್ತರ ನಮಗೆ ಇನ್ನೂ ಹತ್ತಿರದಲ್ಲಿದೆ. ಹೊಸಪೇಟೆಯಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೊರಟರೆ ಗದಗ ಸಿಗುತ್ತದೆ. ಅದರ ಸಮೀಪದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ನಗದಿನ ಕಷ್ಟಕ್ಕೆ ಒಂದು ಊರು, ಸಾಲದ ಕಷ್ಟಕ್ಕೆ ಇನ್ನೊಂದು ಊರು ದಾರಿ ತೋರಿದಂತಾಯಿತು.

ಈ ಎರಡು ದಾರಿಗಳು ಕೂಡುವುದನ್ನು ನಾನು ಕಂಡುದು ಯಾವ ಗ್ರಂಥದಲ್ಲಿಯೂ ಅಲ್ಲ, ನಮ್ಮ ಬೀದಿಯ ಜಗುಲಿಯೊಂದರ ಮೇಲೆ. ಕೂಲಿಗೆ ಹೋಗುವ ಆರು ಮಂದಿ ಹೆಣ್ಣುಮಕ್ಕಳು ತಮ್ಮ ಸ್ವಸಹಾಯ ಸಂಘದ ಉಳಿತಾಯದಿಂದ ತಿಂಗಳ ಮೊದಲಲ್ಲಿ ಹಣ ತೆಗೆಯುತ್ತಾರೆ. ಇಬ್ಬರು ಹೋಗಿ ಹೆದ್ದಾರಿಯ ಅಂಗಡಿಯಿಂದ ಬೇಳೆ, ಸಕ್ಕರೆ, ಸಾಬೂನುಗಳನ್ನು ಒಟ್ಟಿಗೆ ತರುತ್ತಾರೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಪಾಲಿನ ಹಣವನ್ನು ವಾರವಾರವೂ ಸಂಘಕ್ಕೆ ಕಟ್ಟುತ್ತಾರೆ. ಮೂಲೆಯ ಅಂಗಡಿಯ ಋಣವನ್ನೂ ಅವರು ಹರಿದುಕೊಂಡಿಲ್ಲ. ಅವಸರಕ್ಕೆ ಬೇಕಾದುದನ್ನು ಅಲ್ಲಿಯೇ ಕೊಳ್ಳುತ್ತಾರೆ. ಕಳೆದ ತಿಂಗಳು ಚೀಲ ಬಿಚ್ಚಿ ಹಳೆಯ ಹಿತ್ತಾಳೆಯ ಪಾವಿನಲ್ಲಿ ಬೇಳೆಯನ್ನು ಅಳೆಯುತ್ತಿದ್ದಾಗ ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ. ಆರು ಪಾಲಾದ ಮೇಲೆ ಒಂದು ಪಾವಿನಷ್ಟು ಉಳಿಯಿತು. ಅದನ್ನು ಆರು ಭಾಗ ಮಾಡಬೇಕೆಂದು ಒಬ್ಬಳು, ಮುಂದಿನ ತಿಂಗಳಿಗೆ ಇಡಬೇಕೆಂದು ಇನ್ನೊಬ್ಬಳು ಸ್ವಲ್ಪ ಹೊತ್ತು ವಾದಿಸಿದರು. ಅಷ್ಟರಲ್ಲಿ ಅವರಲ್ಲಿ ಹಿರಿಯಳಾದವಳು ಪಾವನ್ನು ಎತ್ತಿಕೊಂಡು, “ಇಕಿ ಮಗಳು ಬಾಣಂತನಕ್ಕ ಬಂದಾಳ, ಕೊಸರು ಇಕಿಗೇ ಇರ್ಲಿ” ಎಂದು ಒಂದು ಸೆರಗಿಗೆ ಸುರಿದುಬಿಟ್ಟಳು. ಯಾರೂ ಬೇಡವೆನ್ನಲಿಲ್ಲ. ಬರುವ ತಿಂಗಳಿನಿಂದ ಎಣ್ಣೆಯ ಡಬ್ಬವನ್ನೂ ಹೀಗೆಯೇ ತರಿಸುವುದೆಂದು ಅಲ್ಲಿ ಮಾತಾಯಿತು.