‘ಭೂತ’ ಕವಿತೆಯೂ ಬಳ್ಳಾರಿಯ ನೆಲವೂ

ನವ್ಯಕಾವ್ಯವೆಂದರೆ ಬಿಡಿಸಲಾಗದ ಒಗಟು ಎಂಬ ದೂರು ಹಳೆಯದು. ಆ ದೂರನ್ನು ಮನಸ್ಸಿನಲ್ಲಿಟ್ಟುಕೊಂಡೇ ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ (1959) ಸಂಕಲನದ ‘ಭೂತ’ ಕವಿತೆಯನ್ನು ನಾನು ರೂಪನಗುಡಿಯಲ್ಲಿ ಕುಳಿತು ಮತ್ತೊಮ್ಮೆ ಓದಿದೆ. ಒಗಟಿನ ಎಳೆಯೊಂದು ಈ ನೆಲದಲ್ಲಿಯೇ ಸಿಕ್ಕಿತು.

ಹೆಸರಿನಿಂದಲೇ ತೊಡಗೋಣ. ಭೂತವೆಂದರೆ ಕಳೆದ ಕಾಲ. ಪ್ರೇತವೂ ಹೌದು, ಪಂಚಭೂತವೂ ಹೌದು. ಮೊಗೇರಿಯಲ್ಲಿ ಹುಟ್ಟಿದ ಕವಿಗೆ ಕರಾವಳಿಯ ಭೂತಾರಾಧನೆಯ ನೆನಪೂ ಇದ್ದೀತು. ಅಲ್ಲಿ ಭೂತ ಕಾಡುವುದೂ ಉಂಟು, ಕಾಯುವುದೂ ಉಂಟು. ಈ ಎರಡರ ನಡುವಣ ಎಳೆದಾಟವೇ ಕವಿತೆಯ ಜೀವಾಳ.

ಇನ್ನು ರೂಪ. ಐದು ಮಾತ್ರೆಯ ನಡೆಯನ್ನು ಅಡಿಗರು ಕೈಬಿಟ್ಟಿಲ್ಲ. ಆದರೆ ಪಂಕ್ತಿಗಳನ್ನು ಸಮನಾಗಿ ಕತ್ತರಿಸುವುದಿಲ್ಲ. ಹಳೆಯ ಲಯ ಒಳಗಿದ್ದು, ಹೊಸ ಮಾತು ಅದನ್ನು ಹಿಗ್ಗಿಸುತ್ತದೆ. ಭೂತಕಾಲದೊಡನೆ ಹೇಗೆ ಬಾಳಬೇಕೆಂಬ ಪ್ರಶ್ನೆಗೆ ಛಂದಸ್ಸೇ ಮೊದಲ ಉತ್ತರ ಕೊಟ್ಟಂತಾಯಿತು. ಪ್ರತಿಮೆಗಳಿಗೂ ಒಂದು ಕ್ರಮವುಂಟು. ಬಾವಿಯಲ್ಲಿ ಕೊಳೆಯುವ ನೀರು ಆವಿಯಾಗಿ ಏರಿ, ಮೋಡವಾಗಿ, ಮಳೆಯಾಗಿ ಪೈರಿಗೆ ಇಳಿಯುತ್ತದೆ. ಕೊನೆಯಲ್ಲಿ ನೆಲವನ್ನು ಅಗೆದು, ಚಿನ್ನದ ಅದಿರನ್ನು ತೆಗೆದು, ಕರಗಿಸಿ, ಇಷ್ಟದೇವತೆಯ ಮೂರ್ತಿಗೆ ಒದಗಿಸುವ ಕೆಲಸ ಬರುತ್ತದೆ.

ಬಳ್ಳಾರಿಯ ಓದುಗನಿಗೆ ಇದು ಬರಿಯ ಅಲಂಕಾರವಲ್ಲ. ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದವರು ಕಲ್ಲುಕೊಡಲಿಗಳನ್ನು ಮಾಡಿದರು. ಕುಡಿತಿನಿಯಲ್ಲಿ ಅವರ ದನಗಳ ಸಗಣಿ ಬೆಂದು ಬೂದಿದಿಬ್ಬವಾಗಿ ನಿಂತಿದೆ. ಸೊಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ. ಅದನ್ನು ಅಗೆದ ಅತಿರೇಕ ಎಲ್ಲಿಗೆ ಮುಟ್ಟಿತೆಂದರೆ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಅಗೆಯುವುದೇ ಸಾಧನೆಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕವಿತೆ ಬಯಸುವುದು ಅಗೆತದ ಜೊತೆಗೆ ಕುಲುಮೆಯನ್ನೂ. ಪರಂಪರೆಯನ್ನು ಹೊರಗೆಳೆದು ಮೆರವಣಿಗೆ ಮಾಡುವವರೂ ಮುಚ್ಚಿ ಮರೆಯುವವರೂ ಕುಲುಮೆಯ ಉರಿಯನ್ನು ತಪ್ಪಿಸಿಕೊಳ್ಳುವವರೇ.

ಆದರೂ ನನ್ನದೊಂದು ತಕರಾರು ಉಳಿದಿದೆ. ಕರಗಿದ ಚಿನ್ನ ಯಾರ ಇಷ್ಟದ ದೇವತೆಯಾಗಬೇಕು? ನಮ್ಮ ಹಳ್ಳಿಗಳಲ್ಲಿ ಗುಡಿಯ ಹೊಸ್ತಿಲು ತಲೆಮಾರುಗಳ ಕಾಲ ಎಲ್ಲರದೂ ಆಗಿರಲಿಲ್ಲ. ಹೊರಗೆ ನಿಂತವರ ಭೂತವೂ ಇದೇ ಮಣ್ಣಿನಲ್ಲಿ ಹೂತಿದೆ. ಆ ಅದಿರನ್ನು ಸೇರಿಸದೆ ಎರಕ ಹೊಯ್ದರೆ ಮೂರ್ತಿ ಹೊಳೆಯಬಹುದು, ಕಾಡುವುದು ನಿಲ್ಲದು. ಕವಿತೆ ಈ ಮಾತನ್ನು ಬಿಡಿಸಿ ಹೇಳುವುದಿಲ್ಲ; ಆದರೆ ಹೀಗೆ ಕೇಳುವ ಧೈರ್ಯವನ್ನು ನನಗೆ ಕೊಟ್ಟದ್ದು ಅದೇ ಕವಿತೆ. ಊರಿನ ಹೆಸರಿನಲ್ಲಿ ರೂಪವೂ ಇದೆ, ಗುಡಿಯೂ ಇದೆ. ಎರಡನ್ನೂ ಎಲ್ಲರಿಗಾಗಿ ಮತ್ತೆ ಎರಕ ಹೊಯ್ಯುವ ಕೆಲಸ ಓದುಗರಾದ ನಮ್ಮ ಪಾಲಿಗೆ ಉಳಿದಿದೆ.