ಯಾವ ಟೇಬಲಿನ ದಿನಾಂಕ?

ಯಡ್ತರೆಯವರೊಬ್ಬರು ಬೈಂದೂರಿನಲ್ಲಿ ಬರೀ ‘ಸರ್ವೆ ನಂಬರ್ 45ರ ಪಹಣಿ ಬೇಕಿತ್ತು’ ಎಂದರೆ ಕೆಲಸವಾಗದು. ‘ಯಾವ ಗ್ರಾಮ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಸರ್ವೆ ನಂಬರು ಗ್ರಾಮ ಗ್ರಾಮಕ್ಕೂ 1ರಿಂದ ಶುರು. ಯಡ್ತರೆಯ ಲೆಕ್ಕವೇ ಬೇರೆ, ಪಡುವರಿಯದ್ದೇ ಬೇರೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯೂ ಈ ಪದ್ಧತಿಯನ್ನು ಬಿಡಲಿಲ್ಲ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿದ ಮೇಲೆಯೇ ಅಲ್ಲಿ ಸರ್ವೆ ನಂಬರಿನ ಮಾತು. ಪಹಣಿ ಕೈಗೆ ಬಂದರೂ ‘ಹೆಸರು ಯಾರದ್ದು?’ ಎಂದರೆ ಸಾಲದು. 9ನೇ ಕಾಲಂನಲ್ಲಿರುವುದು ಹಕ್ಕುದಾರರ ಹೆಸರು, 12ರಲ್ಲಿರುವುದು ಸಾಗುವಳಿದಾರರದ್ದು.

ಡೇಟಾಬೇಸ್ ಕಲಿಯುವವರು ಮುಗ್ಗರಿಸುವುದೂ ಇಂಥಲ್ಲೇ.

ಊರಿನ ಹಾಲಿನ ಡೈರಿಯೊಂದು ಲೆಕ್ಕವನ್ನು ಎರಡು ಟೇಬಲಿನಲ್ಲಿ ಇಟ್ಟಿದೆ ಎಂದುಕೊಳ್ಳಿ. ‘ಸದಸ್ಯ’ ಟೇಬಲಿನಲ್ಲಿ ಸಂಖ್ಯೆ, ಹೆಸರು, ಸಂಘಕ್ಕೆ ಸೇರಿದ ದಿನಾಂಕ. ‘ಹಾಲು’ ಟೇಬಲಿನಲ್ಲಿ ಸದಸ್ಯರ ಸಂಖ್ಯೆ, ಹಾಲು ಹಾಕಿದ ದಿನಾಂಕ, ಲೀಟರ್. ಎರಡು ಕಡೆಯೂ ಕಾಲಂಗಳ ಹೆಸರು ಬರೀ ‘ಸಂಖ್ಯೆ’, ‘ದಿನಾಂಕ’ ಎಂದೇ. ಎರಡನ್ನೂ ಜಾಯಿನ್ ಮಾಡಿ ‘ದಿನಾಂಕ’ ಕೊಡು ಎಂದರೆ ಸರ್ವರ್ ಕೈಚೆಲ್ಲುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದು 1052ನೇ ಎರರ್, ಒರಾಕಲ್‌ನಲ್ಲಿ 918, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 209. ಮೂರರ ತಕರಾರೂ ಒಂದೇ: ಈ ಹೆಸರಿನ ಕಾಲಂ ಎರಡು ಕಡೆ ಇದೆ, ಯಾವುದು ಬೇಕು?

ಮದ್ದು ಸುಲಭ. ಟೇಬಲುಗಳಿಗೆ ‘ಸ’, ‘ಹಾ’ ಎಂದು ಚುಟುಕು ಹೆಸರಿಟ್ಟು ‘ಸ.ದಿನಾಂಕ’, ‘ಹಾ.ದಿನಾಂಕ’ ಎಂದು ಬರೆದರಾಯಿತು. ಎರಡೂ ಬೇಕಿದ್ದರೆ ಉತ್ತರದಲ್ಲಿ ‘ಸೇರಿದ_ದಿನ’, ‘ಹಾಲಿನ_ದಿನ’ ಎಂದು ಬೇರೆ ಹೆಸರು ಕೊಡಬೇಕು. ಇಲ್ಲದಿದ್ದರೆ ಪಿಎಚ್‌ಪಿಯಂಥ ಭಾಷೆಯಲ್ಲಿ ಸಾಲನ್ನು ಹೆಸರಿನ ಮೇಲೆ ಓದುವಾಗ ಎರಡನೆಯದು ಮೊದಲನೆಯದನ್ನು ನುಂಗಿಬಿಡುತ್ತದೆ. ಇಂದು ಒಂದೇ ಕಡೆ ಇರುವ ಕಾಲಂಗೂ ಟೇಬಲಿನ ಹೆಸರು ಹಚ್ಚುವುದು ಒಳ್ಳೆಯದು. ನಾಳೆ ಯಾರೋ ಇನ್ನೊಂದು ಟೇಬಲಿಗೆ ಅದೇ ಹೆಸರಿನ ಕಾಲಂ ಸೇರಿಸಿದರೆ, ನಿನ್ನೆಯವರೆಗೆ ಓಡುತ್ತಿದ್ದ ಕ್ವೆರಿ ನಿಂತುಹೋಗುತ್ತದೆ.

ನಿಂತುಹೋದರೆ ಪುಣ್ಯ ಎನ್ನಬೇಕು. ಹೆದರಬೇಕಾದದ್ದು ತಕರಾರೇ ಇಲ್ಲದೆ ಓಡುವ ಕ್ವೆರಿಗೆ. ‘ನ್ಯಾಚುರಲ್ ಜಾಯಿನ್’ ಎಂಬುದೊಂದಿದೆ. ಒಂದೇ ಹೆಸರಿನ ಕಾಲಂಗಳನ್ನೆಲ್ಲ ತಾನೇ ಹುಡುಕಿ ಜೋಡಿಸುತ್ತದೆ. ಡೈರಿಯ ಲೆಕ್ಕದಲ್ಲಿ ಅದು ಸಂಖ್ಯೆಯ ಜೊತೆ ದಿನಾಂಕವನ್ನೂ ತಾಳೆ ನೋಡುತ್ತದೆ. ಸಂಘಕ್ಕೆ ಸೇರಿದ ದಿನವೇ ಹಾಲು ಹಾಕಿದವರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತಾರೆ. ಎರರ್ ಇಲ್ಲ, ಹಾಲಿನ ಲೆಕ್ಕವೂ ಇಲ್ಲ.

ಇನ್ನೂ ಘೋರವಾದದ್ದು ಕ್ವೆರಿಯೊಳಗಿನ ಕ್ವೆರಿ. ಸಂಘ ಬಿಟ್ಟವರನ್ನು ತೆಗೆಯಲು ‘ಬಿಟ್ಟವರು’ ಎಂಬ ಟೇಬಲ್ ಮಾಡಿ, ಅದರ ಕಾಲಂಗೆ ‘ಸದಸ್ಯ_ಸಂಖ್ಯೆ’ ಎಂದು ಹೆಸರಿಟ್ಟಿದ್ದಾರೆ. ಆದರೆ ಡಿಲೀಟ್ ಬರೆಯುವಾಗ, ‘ಬಿಟ್ಟವರು ಟೇಬಲಿನಿಂದ ಸಂಖ್ಯೆ ಆರಿಸಿ, ಆ ಸಂಖ್ಯೆಯ ಸದಸ್ಯರನ್ನು ಅಳಿಸು’ ಎಂದುಬಿಟ್ಟರು. ಒಳಗಿನ ಟೇಬಲಿನಲ್ಲಿ ‘ಸಂಖ್ಯೆ’ ಇಲ್ಲ. ಸರ್ವರ್ ಹೊರಗಿನ ‘ಸದಸ್ಯ’ ಟೇಬಲಿನ ‘ಸಂಖ್ಯೆ’ಯನ್ನೇ ತೆಗೆದುಕೊಳ್ಳುತ್ತದೆ. ಪ್ರತಿಯೊಬ್ಬರ ಸಂಖ್ಯೆಯೂ ತನಗೆ ತಾನೇ ಸಮ. ‘ಬಿಟ್ಟವರು’ ಟೇಬಲಿನಲ್ಲಿ ಒಂದೇ ಒಂದು ಸಾಲಿದ್ದರೂ ಸಾಕು, ಸಂಘದ ಸದಸ್ಯರೆಲ್ಲ ಅಳಿಸಿಹೋಗುತ್ತಾರೆ. ಎಸ್‌ಕ್ಯೂಎಲ್ ನಿಯಮದ ಪ್ರಕಾರ ಇದರಲ್ಲಿ ತಪ್ಪೇ ಇಲ್ಲ!

ಒಳಗೆ ‘ಬಿ.ಸಂಖ್ಯೆ’ ಎಂದು ಬರೆದಿದ್ದರೆ, ಅಂಥ ಕಾಲಂ ಇಲ್ಲವೆಂದು ಸರ್ವರ್ ಕೂಡಲೇ ಹೇಳುತ್ತಿತ್ತು. ಅದಕ್ಕೇ ಪಳಗಿದವರು ಡಿಲೀಟಿನ ಜಾಗದಲ್ಲಿ ಮೊದಲು ಸೆಲೆಕ್ಟ್ ಹಾಕಿ, ಎಷ್ಟು ಸಾಲು ಬಂತೆಂದು ಎಣಿಸಿಯೇ ಮುಂದಕ್ಕೆ ಹೋಗುತ್ತಾರೆ.