ಲಾರಿ ಆಟದೊಳಗೆ ನಮ್ಮ ಆಟೋ, ನಮ್ಮ ಮೀನಿನ ಗಾಡಿ

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ವಾಹನ ಎಣಿಸಿ ನೋಡಿ. ಬಿಎಂಟಿಸಿ ಬಸ್ಸು, ಆಟೋ, ಹಿಂದೆ ಹೂವಿನ ಚೀಲ ಕಟ್ಟಿಕೊಂಡ ಸ್ಕೂಟರು, ಸಿಲಿಂಡರ್ ಹೊತ್ತ ಟೆಂಪೋ, ಟಾಟಾ ಏಸ್, ಊಟ ತಲುಪಿಸಲು ಓಡುವ ಬೈಕು, ಮೆಟ್ರೋ ನಿಲ್ದಾಣದ ಬಳಿ ಬಾಡಿಗೆಗೆ ಕಾಯುವ ಕಾರು. ಹಗಲು ಹೊತ್ತಿನಲ್ಲಿ ದೊಡ್ಡ ಲಾರಿ ಮಾತ್ರ ಅಪರೂಪ. ಓದಲಿಕ್ಕೋ ಕೆಲಸಕ್ಕೋ ಬಂದು ಇದೇ ಆಸುಪಾಸಿನಲ್ಲಿ ರೂಮು ಮಾಡಿಕೊಂಡಿರುವ ನಮ್ಮ ಕರಾವಳಿ ಕಡೆಯ ಹುಡುಗರ ಲ್ಯಾಪ್‌ಟಾಪ್ ತೆರೆದರೆ ಇದರ ಉಲ್ಟಾ. ಅಲ್ಲಿ ಬರೀ ಲಾರಿ. ಅದೂ ಯುರೋಪಿನದು.

'ಯೂರೋ ಟ್ರಕ್ ಸಿಮ್ಯುಲೇಟರ್ 2' ಎಂಬ ಆಟದ ಹೆಸರು ಮಕ್ಕಳಿರುವ ಮನೆಯವರು ಕೇಳಿರುತ್ತಾರೆ. ಗುಂಡು ಹಾರಿಸುವುದಿಲ್ಲ, ರೇಸ್ ಇಲ್ಲ. ಒಂದು ಊರಿನಲ್ಲಿ ಸರಕು ತುಂಬಿಸಿ ಇನ್ನೊಂದು ಊರಿಗೆ ಮುಟ್ಟಿಸುವುದೇ ಆಟ. ಸಿಗ್ನಲ್ ದಾಟಿದರೆ ದಂಡ, ಡಿಕ್ಕಿಯಾದರೆ ರಿಪೇರಿ ಖರ್ಚು, ದುಡಿದ ಹಣದಲ್ಲಿ ಸ್ವಂತ ಲಾರಿ. ಜೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ ಇದನ್ನು 2012ರಲ್ಲಿ ಬಿಡುಗಡೆ ಮಾಡಿತು. 2016ರಲ್ಲಿ ಅಮೆರಿಕದ ರಸ್ತೆಗಳ 'ಅಮೆರಿಕನ್ ಟ್ರಕ್ ಸಿಮ್ಯುಲೇಟರ್' ಬಂತು. ಮೊದಲನೆಯದರಲ್ಲಿ ವೋಲ್ವೋ, ಸ್ಕೇನಿಯಾ, ಮ್ಯಾನ್, ಡ್ಯಾಫ್, ಮರ್ಸಿಡಿಸ್, ರೆನೊ, ಇವೆಕೊ ಎಲ್ಲ ಇವೆ. ಟಾಟಾ ಇಲ್ಲ, ಅಶೋಕ್ ಲೇಲ್ಯಾಂಡ್ ಇಲ್ಲ, ಆಟೋ ಅಂತೂ ಇಲ್ಲವೇ ಇಲ್ಲ. ಇದೇ ಕಂಪನಿ 2011ರಲ್ಲಿ ತಂದ 'ಎಕ್ಸ್‌ಟ್ರೀಮ್ ಟ್ರಕ್ಕರ್ 2' ಎಂಬ ಹಳೆಯ ಆಟದಲ್ಲಿ ಬಾಂಗ್ಲಾದೇಶದ ರಸ್ತೆಗಳಿದ್ದವು. ನಮ್ಮ ಹತ್ತಿರದ ತನಕ ಬಂದು ವಾಪಸ್ ಹೋದ ಹಾಗಾಯಿತು.

ಲಾರಿ ಮಾತ್ರ ಯಾಕೆ, ಬಸ್ಸು ಕೊಡಿ, ಕಾರು ಕೊಡಿ ಎಂಬುದು ಆಟಗಾರರ ಹಳೆಯ ಬೇಡಿಕೆ. ಕಂಪನಿಗೆ ಬಸ್ಸು ಗೊತ್ತಿಲ್ಲದ್ದಲ್ಲ, 2007ರಲ್ಲಿಯೇ 'ಬಸ್ ಡ್ರೈವರ್' ಎಂಬ ಬೇರೆಯೇ ಆಟ ಮಾಡಿತ್ತು. ಆದರೂ ಲಾರಿಯ ಆಟವನ್ನು ಲಾರಿಗೇ ಇಟ್ಟಿತು. ಬಸ್ಸು ಮತ್ತು ಕಾರುಗಳನ್ನೂ ಇದರೊಳಗೆ ತರುವ ಕೆಲಸ ನಡೆದಿದೆ ಎಂದು ಕಂಪನಿಯೇ ಹೇಳಿಕೊಂಡದ್ದು ತೀರಾ ಇತ್ತೀಚೆಗೆ. ನಡುವಿನ ವರ್ಷಗಳಲ್ಲಿ ಆ ಕೆಲಸ ಮಾಡಿದವರು ಆಟಗಾರರೇ. ತಾವೇ ವಾಹನ ತಯಾರಿಸಿ ಆಟದೊಳಗೆ ಸೇರಿಸುವುದಕ್ಕೆ 'ಮಾಡ್' ಅನ್ನುತ್ತಾರೆ. ಕಂಪನಿ ಅದಕ್ಕೆ ಬಾಗಿಲು ತೆರೆದೇ ಇಟ್ಟಿದೆ. ತಯಾರಿಸಿದ ಕಡತವನ್ನು ಆಟದ 'ಮಾಡ್' ಎಂಬ ಫೋಲ್ಡರಿಗೆ ಹಾಕಿದರೆ ಆಯಿತು.

ಹಾಕುವುದು ಸುಲಭ, ತಯಾರಿಸುವುದು ಸುಲಭವಲ್ಲ. ವಾಹನದ ಆಕಾರವನ್ನು 'ಬ್ಲೆಂಡರ್' ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಬೇಕು. ಬಾಗಿಲು, ಕನ್ನಡಿ, ಡ್ಯಾಶ್‌ಬೋರ್ಡ್, ವೈಪರ್, ಮೀಟರಿನ ಮುಳ್ಳು, ಎಲ್ಲವೂ ಬೇರೆ ಬೇರೆ. ಅದರ ಮೇಲೆ ಬಣ್ಣದ ಚಿತ್ರ ಹೊದಿಸಬೇಕು. ಆಮೇಲೆ ಬರಹದ ಕಡತಗಳು. ಎಂಜಿನ್ನಿನ ಶಕ್ತಿ ಎಷ್ಟು, ಗೇರು ಎಷ್ಟು, ಪ್ರತಿ ಗೇರಿನ ಅನುಪಾತ ಎಷ್ಟು, ಚಾಸಿಯ ತೂಕ ಎಷ್ಟು, ಹಿಂದಿನ ಅಚ್ಚಿನ ಮೇಲೆ ಭಾರ ಎಷ್ಟು ಎಂದೆಲ್ಲ ಅದರಲ್ಲಿ ಬರೆಯಬೇಕು. ಒಂದು ಅಂಕಿ ತಪ್ಪಿದರೆ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ, ಇಲ್ಲವೇ ರಸ್ತೆಯೊಳಗೆ ಅರ್ಧ ಹೂತು ಹೋಗುತ್ತದೆ.

ಇಲ್ಲಿಯೇ ಒಂದು ತಮಾಷೆ ಇರುವುದು. ಆಟಕ್ಕೆ ಗೊತ್ತಿರುವುದು ಲಾರಿ ಮಾತ್ರವಾದ್ದರಿಂದ ಅದರೊಳಗೆ ಏನನ್ನು ಸೇರಿಸಿದರೂ ಅದು ವೇಷ ಹಾಕಿದ ಲಾರಿಯೇ. ಬಸ್ಸು ಸೇರಿಸಿದರೆ ಆಟದ ಲೆಕ್ಕದಲ್ಲಿ ಅದು ಉದ್ದನೆಯ ಕ್ಯಾಬಿನ್ನಿನ ಲಾರಿ. ಪ್ರಯಾಣಿಕರು? ಅವರು ಸರಕು. ಕಣ್ಣಿಗೆ ಕಾಣದ ಒಂದು ಟ್ರೇಲರನ್ನು ಬಸ್ಸಿನ ಹೊಟ್ಟೆಯೊಳಗೆ ಅಡಗಿಸಿ, ಆ ಸರಕಿಗೆ 'ಪ್ರಯಾಣಿಕರು' ಎಂದು ಹೆಸರಿಟ್ಟು ಓಡಿಸುವ ಉಪಾಯ ಹುಡುಗರು ಕಂಡುಕೊಂಡರು. ಹಬ್ಬದ ಮುಂಚಿನ ರಾತ್ರಿ ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಬಂದವರು ಇದನ್ನು ಸುಳ್ಳು ಅನ್ನಲಿಕ್ಕಿಲ್ಲ.

ಆಟೋ ಇನ್ನೂ ಕಷ್ಟ. ಲಾರಿಯ ಲೆಕ್ಕಾಚಾರ ನಿಂತಿರುವುದು ಎಡಕ್ಕೊಂದು ಬಲಕ್ಕೊಂದು ಜೋಡಿ ಚಕ್ರದ ಮೇಲೆ. ಆಟೋಗೆ ಮುಂದೆ ಒಂದೇ ಚಕ್ರ. ಆದ್ದರಿಂದ ಮುಂದಿನ ಎರಡು ಚಕ್ರಗಳನ್ನು ಕಾಣದ ಹಾಗೆ ಮಾಡಿ, ನಡುವೆ ನೋಡುವುದಕ್ಕಷ್ಟೇ ಒಂದು ಚಕ್ರ ಕೂರಿಸುತ್ತಾರೆ. ಬೈಕಿನದ್ದೂ ಇದೇ ಕತೆ, ಅದಕ್ಕೆ ಅತ್ತಿತ್ತ ಕಾಣದ ಚಕ್ರ ಊರುಗೋಲು. ಹೀಗೆ ಮಾಡಿದ ಆಟೋ ತಿರುವಿನಲ್ಲಿ ನಿಜವಾದ ಆಟೋದ ಹಾಗೆ ಒಂದು ಕಡೆ ಎದ್ದು ನಿಲ್ಲುವುದಿಲ್ಲ, ಮಗುಚುವುದೂ ಇಲ್ಲ. ನೋಡಲಿಕ್ಕೆ ಆಟೋ, ನಡತೆಯಲ್ಲಿ ಅಲ್ಲ. ಆಟೋ ಓಡಿಸಿದ ಯಾರನ್ನಾದರೂ ಕೂರಿಸಿ ಆಡಲು ಕೊಟ್ಟರೆ ಮೊದಲ ತಿರುವಿನಲ್ಲಿಯೇ "ಇದೆಂತ ಮಾರಾಯ, ಆಟೋ ಹೀಗೆ ತಿರುಗುತ್ತದಾ?" ಅನ್ನದೆ ಇರಲಾರರು.

ಲ್ಯಾಪ್‌ಟಾಪ್ ಇಲ್ಲದ ಮನೆಗಳಲ್ಲಿ ಈ ಹುಚ್ಚು ಮೊಬೈಲಿನಲ್ಲಿದೆ. ಇಂಡೋನೇಷ್ಯಾದ ಮಾಲಿಯೊ ಕಂಪನಿಯ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' 2017ರಲ್ಲಿ ಬಂತು. ಅದರ ಹಿಂದಿನ ವರ್ಷ ಆ ದೇಶದ ಮಕ್ಕಳು ರಸ್ತೆ ಬದಿ ನಿಂತು "ಓಂ ತೆಲೊಲೆತ್ ಓಂ" ಎಂದು ಬಸ್ಸಿನ ಚಾಲಕರಿಂದ ರಾಗದ ಹಾರ್ನ್ ಹೊಡೆಸಿಕೊಳ್ಳುತ್ತಿದ್ದದ್ದು ಜಗತ್ತಿಗೆಲ್ಲ ಗೊತ್ತಾಗಿತ್ತು. ಆ ಹಾರ್ನ್ ಆಟದಲ್ಲಿಯೂ ಇದೆ. ನಮ್ಮ ಕಡೆಯ ಖಾಸಗಿ ಬಸ್ಸುಗಳ ಹಾರ್ನ್ ಕೇಳಿ ಬೆಳೆದ ಮಕ್ಕಳಿಗೆ ಇದು ಕೂಡಲೇ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇದರಲ್ಲಿಯೂ ಹೊರಗಿನ ವಾಹನ ಸೇರಿಸಲು ದಾರಿ ಇದೆ. ಬಣ್ಣ ಬದಲಿಸುವುದಂತೂ ಒಂದು ಚಿತ್ರದ ಕಡತದ ಕೆಲಸ. ಹೀಗೆ ಜಾವಾ ದ್ವೀಪದ ರಸ್ತೆಯಲ್ಲಿ ಕೆಎಸ್ಸಾರ್ಟಿಸಿ ಬಸ್ಸು, ಟಾಟಾ ಲಾರಿ, ಜೀಪು, ಆಟೋ ಓಡತೊಡಗಿದವು. ಕೇರಳದ ಹುಡುಗರಂತೂ ಟೂರಿಸ್ಟ್ ಬಸ್ಸುಗಳ ಚಿತ್ತಾರವನ್ನೆಲ್ಲ ಒಳಗೆ ತಂದರು. 2022ರ ಅಕ್ಟೋಬರಿನಲ್ಲಿ ವಡಕ್ಕಂಚೇರಿಯಲ್ಲಿ 9 ಮಂದಿ ತೀರಿಕೊಂಡ ಬಸ್ ಅಪಘಾತವಾದ ಮೇಲೆ ಅಲ್ಲಿನ ಸರಕಾರ ಟೂರಿಸ್ಟ್ ಬಸ್ಸುಗಳಿಗೆಲ್ಲ ಬಿಳಿ ಬಣ್ಣದ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿತು. ರಸ್ತೆಯ ಮೇಲೆ ಆ ಚಿತ್ತಾರ ಅಳಿಸಿತು, ಮೊಬೈಲಿನಲ್ಲಿ ಉಳಿಯಿತು.

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ಬ್ಯಾರಿಗಳ ಮನೆಗಳಲ್ಲಿ ಡ್ರೈವರ್ ಒಬ್ಬರಾದರೂ ಇರುತ್ತಾರೆ, ಇಲ್ಲವೇ ಇದ್ದರು. ದಕ್ಕೆಯಿಂದ ಮೀನು ಸಾಗಿಸಿದವರು, ಹಂಚು ತುಂಬಿಸಿ ಘಾಟಿ ಹತ್ತಿದವರು, ಲೈನ್‌ಸೇಲಿನ ಟೆಂಪೋದಲ್ಲಿ ಅಂಗಡಿ ಅಂಗಡಿ ಸುತ್ತಿದವರು, ಸಿಟಿ ಬಸ್ಸಿನವರು, ಗಲ್ಫಿನಲ್ಲಿ ಟ್ರೇಲರ್ ಓಡಿಸಿ ಬಂದವರು. ಈಗ ಮಗ ಕೋಣೆಯೊಳಗೆ ಸ್ಕ್ರೀನಿನ ಮೇಲೆ ಲಾರಿ ಮಾಡುತ್ತಾನೆ, ಚಾವಡಿಯಲ್ಲಿ ಅಜ್ಜ ಸುಮ್ಮನೆ ಕೂತಿರುತ್ತಾರೆ. "ಇವನಿಗೆ ಬೇರೆ ಕೆಲಸ ಇಲ್ಲ" ಎಂದು ಉಮ್ಮ ಬೈಯುತ್ತಾರೆ. ಅವನಿಗೆ ಬೇಕಾದ ಅಂಕಿಗಳೆಲ್ಲ ಅಜ್ಜನ ಹತ್ತಿರವೇ ಇವೆ ಎಂಬುದು ಮೂವರಿಗೂ ಹೊಳೆದಿರುವುದಿಲ್ಲ.

ಹೇಗೆಂದು ಹೇಳುತ್ತೇವೆ. ಟಾಟಾ 407 ಮೊದಲು ರಸ್ತೆಗೆ ಇಳಿದದ್ದು 1986ರಲ್ಲಿ. ಅದರ ಉದ್ದ, ಅಗಲ, ಎಂಜಿನ್ನಿನ ಶಕ್ತಿಯನ್ನು ಕಂಪನಿಯ ಪುಸ್ತಕದಲ್ಲಿ ಹುಡುಕಬಹುದು. ಆದರೆ ಮಂಜುಗಡ್ಡೆ ಮತ್ತು ಮೀನಿನ ಪೆಟ್ಟಿಗೆ ತುಂಬಿದ ಗಾಡಿ ಹೊರಡುವಾಗ ಇದ್ದ ತೂಕ, ದೂರದ ಊರು ಮುಟ್ಟುವಾಗ ಇರುವುದಿಲ್ಲ. ದಾರಿಯುದ್ದಕ್ಕೂ ಐಸು ಕರಗಿ ನೀರು ಸೋರುತ್ತದೆ. ತೂಕ ಇಳಿದಂತೆ ಬ್ರೇಕಿನ ಹಿಡಿತ ಬದಲಾಗುತ್ತದೆ, ಹಿಂದಿನ ಪಟ್ಟಿ ಗಡುಸಾಗಿ ಗಾಡಿ ಎಗರುತ್ತದೆ. ಇದನ್ನು ಪುಸ್ತಕ ಹೇಳುವುದಿಲ್ಲ, ಓಡಿಸಿದವರ ಸೊಂಟ ಹೇಳುತ್ತದೆ. ಹಾಗೆಯೇ ಶಿರಾಡಿ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ ಎಂಬುದು ಹಳೆಯ ಚಾಲಕರ ಮೊದಲ ಪಾಠ. ಯಾವ ತಿರುವಿನಲ್ಲಿ ಎದುರಿನ ಟ್ಯಾಂಕರಿಗೆ ಜಾಗ ಬಿಡಬೇಕು, ಮಳೆಗಾಲದಲ್ಲಿ ಎಲ್ಲಿ ಮಣ್ಣು ಜರಿಯುತ್ತದೆ, 2015ರಲ್ಲಿ ಮತ್ತು 2018ರಲ್ಲಿ ಕಾಂಕ್ರೀಟು ಹಾಕಲು ತಿಂಗಳುಗಟ್ಟಲೆ ಘಾಟಿ ಮುಚ್ಚಿದಾಗ ಚಾರ್ಮಾಡಿ, ಸಂಪಾಜೆಯ ಬಳಸು ದಾರಿ ಹೇಗಿತ್ತು ಎಂಬುದನ್ನೆಲ್ಲ ಕೇಳಿದರೆ ಒಂದು ರಾತ್ರಿಯ ಮಾತಾಗುತ್ತದೆ.

ಆಟದಲ್ಲಿ ರಸ್ತೆ ಕುಗ್ಗಿರುತ್ತದೆ. ಯುರೋಪಿನ ಆಟದ ನಕ್ಷೆ ಸುಮಾರು 19ಕ್ಕೆ 1ರ ಪ್ರಮಾಣದ್ದು. ಮಂಗಳೂರಿನಿಂದ ಬೆಂಗಳೂರಿಗೆ ಇರುವ ಸುಮಾರು 350 ಕಿ.ಮೀ. ಆ ಲೆಕ್ಕದಲ್ಲಿ ಹದಿನೆಂಟೂವರೆ ಕಿ.ಮೀ. ಆಗುತ್ತದೆ, ಅಂದರೆ ನಮ್ಮ ಲೆಕ್ಕಕ್ಕೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟು ಬಿ.ಸಿ.ರೋಡ್ ಕೂಡ ಸರಿಯಾಗಿ ದಾಟುವುದಿಲ್ಲ. ನಿದ್ದೆಯ ಲೆಕ್ಕವೂ ಆಟದಲ್ಲಿದೆ. ವಿಶ್ರಾಂತಿ ಇಲ್ಲದೆ ಓಡಿಸಿದರೆ ಪರದೆ ಕಪ್ಪಾಗಿ ಕಣ್ಣು ಮುಚ್ಚಿ ತೆರೆದ ಹಾಗಾಗುತ್ತದೆ. ಬೇಡ ಅಂತಾದರೆ ಅದನ್ನು ಬಂದ್ ಮಾಡುವ ಗುಂಡಿಯೂ ಉಂಟು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ಮೀನು ಕೆಡುವ ಮೊದಲು ಮುಟ್ಟಿಸಬೇಕಿದ್ದವರಿಗೆ ಆ ಗುಂಡಿಯೂ ಇರಲಿಲ್ಲ, ಈ ಕಾಯ್ದೆಯೂ ಕೈಗೆ ಸಿಗಲಿಲ್ಲ. ಆಟದಲ್ಲಿ ಲಾರಿ ಮಗುಚಿದರೆ ಹಣ ಕಟ್ಟಿ ಗ್ಯಾರೇಜಿನಲ್ಲಿ ಎದ್ದು ನಿಲ್ಲಬಹುದು. ಘಾಟಿಯಲ್ಲಿ ಮಗುಚಿದವರ ಮನೆಗಳು ನಮ್ಮ ಜಮಾಅತ್‌ಗಳಲ್ಲಿಯೇ ಇವೆ.

ಆದ್ದರಿಂದ ಮನೆಯವರಿಗೆ ಎರಡು ಮಾತು. ಇದು ಬರೀ ಹೊತ್ತು ಕಳೆಯುವುದು ಅನ್ನುವುದು ಸರಿಯಲ್ಲ. ಆಟ ಆಡುವುದು ಬೇರೆ, ವಾಹನ ತಯಾರಿಸುವುದು ಬೇರೆ. ಮೂರು ಆಯಾಮದ ಆಕಾರ ಕಟ್ಟಲು ಕಲಿತವನಿಗೆ ಕಟ್ಟಡದ ನಕ್ಷೆ, ಅನಿಮೇಷನ್, ಯಂತ್ರಗಳ ವಿನ್ಯಾಸದಲ್ಲೆಲ್ಲ ಕೆಲಸಕ್ಕೆ ಬರುವ ಕೈ ಅದು. ಸಿಮ್ಯುಲೇಟರ್ ಎಂಬುದು ಈಗ ಸರಕಾರಿ ನಿಯಮದೊಳಗೂ ಬಂದಿದೆ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ತಂದ ನಿಯಮದಂತೆ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ಇರಲೇಬೇಕು. ಅಲ್ಲಿ ಭಾರಿ ವಾಹನದ ತರಬೇತಿ 6 ವಾರಗಳಲ್ಲಿ 38 ಗಂಟೆ.

ಇನ್ನೊಂದು ಮಾತು ಎಚ್ಚರಿಕೆಯದು. ಮೊಬೈಲಿನ ಆಟಕ್ಕೆ 'ಎಲ್ಲ ವಾಹನ ಉಚಿತ' ಎಂದು ಎಲ್ಲೆಲ್ಲಿಂದಲೋ ಬರುವ ಎಪಿಕೆ ಕಡತವನ್ನು ಇಳಿಸಿಕೊಳ್ಳಲು ಬಿಡಬೇಡಿ. ಬ್ಯಾಂಕಿನ ಒಟಿಪಿ ಬರುವ ಉಪ್ಪನ ಫೋನಿನಲ್ಲಂತೂ ಬೇಡವೇ ಬೇಡ. ಬೇರೊಬ್ಬ ತಿಂಗಳುಗಟ್ಟಲೆ ಕೂತು ಕಟ್ಟಿದ ಬಸ್ಸನ್ನು ಹೆಸರು ಅಳಿಸಿ ತನ್ನದೆಂದು ಹಂಚುವುದು, ಮಾರುವುದು ಈ ಲೋಕದಲ್ಲಿ ಧಾರಾಳ ನಡೆಯುತ್ತದೆ. ಅದು ಕಳವು ಎಂದು ಮಗನಿಗೆ ಹೇಳಿಕೊಡುವುದು ಮನೆಯ ಕೆಲಸ. ಸ್ಕ್ರೀನಿನಲ್ಲಿ ನಲವತ್ತು ಟನ್ ಎಳೆದವನಿಗೆ ಅಂಗಳದ ಓಮ್ನಿ ಯಾವ ಲೆಕ್ಕ ಎಂದು ಅನಿಸಬಹುದು. ಕೀ ಎತ್ತಿಡಿ. ಗೇರಿನ ವಾಹನಕ್ಕೆ 18 ವರ್ಷ, ಲಾರಿ ಬಸ್ಸಿನಂಥ ಸಾರಿಗೆ ವಾಹನಕ್ಕೆ 20 ವರ್ಷ ತುಂಬಬೇಕು. ಅಪ್ರಾಪ್ತ ಮಗು ವಾಹನ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಹೊಸದಾಗಿ ಮಾಡ್ ಮಾಡಲು ಹೊರಟವರು ಹೆಚ್ಚಾಗಿ ಥಳಥಳ ಹೊಳೆಯುವ ಮಲ್ಟಿ ಆ್ಯಕ್ಸಲ್ ಬಸ್ಸನ್ನೇ ಹಿಡಿಯುತ್ತಾರೆ. ಅದನ್ನು ನೂರು ಮಂದಿ ಆಗಲೇ ಮಾಡಿಟ್ಟಿದ್ದಾರೆ. ಹೆಚ್ಚಿನವರು ಮಾಡದೇ ಬಿಟ್ಟಿರುವುದು ಮರದ ಬಾಡಿಯ ಹಳೆಯ ಲಾರಿ, ಮೂತಿ ಮುಂದಿರುವ ಟಾಟಾ, ನೀಲಿ ಡ್ರಮ್ ಹೊತ್ತ ಮೀನಿನ ಟೆಂಪೋ, ಗುಜರಿ ತುಂಬಿದ ಮೂರು ಚಕ್ರದ ಗಾಡಿ. ಇವು ದಿನಕ್ಕೊಂದರಂತೆ ಗುಜರಿ ಯಾರ್ಡು ಸೇರುತ್ತಿವೆ. 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗತೊಡಗಿತು. ಖಾಸಗಿ ಹಳೆಯ ಗಾಡಿಗಳೂ ಫಿಟ್ನೆಸ್ ಪರೀಕ್ಷೆಯಲ್ಲಿ ಬಿದ್ದರೆ ಅದೇ ದಾರಿ. ಆ ಯಾರ್ಡುಗಳಲ್ಲಿ ಎಷ್ಟೋ ನಮ್ಮವರದ್ದೇ. ಸಂಪಿಗೆ ರಸ್ತೆಯ ರೂಮಿನ ಹುಡುಗ ಮುಂದಿನ ಸಲ ರಜೆಗೆ ಊರಿಗೆ ಬಂದಾಗ ಒಂದು ಅಳತೆ ಟೇಪು ಹಿಡಿದು ಅಲ್ಲಿಗೆ ಹೋಗಲಿ, ಜೊತೆಗೆ ಅಜ್ಜನನ್ನೂ ಕರೆದುಕೊಂಡು ಹೋಗಲಿ. ನಾಲ್ಕು ಬದಿಯಿಂದಲೂ ಫೋಟೋ, ಒಳಗಿನ ಮೀಟರಿನ ಫೋಟೋ, ಚಕ್ರದಿಂದ ಚಕ್ರಕ್ಕೆ ಅಳತೆ, ನೆಲದಿಂದ ಚಾಸಿಗೆ ಅಳತೆ. ಬ್ಯಾಟರಿ ಜೀವ ಇರುವ ಗಾಡಿ ಸಿಕ್ಕಿದರೆ ಫೋನಿನಲ್ಲಿ ಸದ್ದು ಹಿಡಿದುಕೊಳ್ಳಲಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಸದ್ದು ಒಮ್ಮೆ, ಸುಮ್ಮನೆ ನಿಂತು ಓಡುವ ಸದ್ದು ಒಮ್ಮೆ, ಕಾಲು ಒತ್ತಿದಾಗಿನ ಸದ್ದು ಒಮ್ಮೆ. ಆಟದಲ್ಲಿ ಇವು ಮೂರೂ ಬೇರೆ ಬೇರೆಯಾಗಿಯೇ ಬೇಕಾಗುತ್ತವೆ.